ಹಸಿ ಮರದ ದಪ್ಪ ತೊಲೆಗಳಿಗೆ ಕೊರೆಹುಳುವಿನ ಬಾಧೆ



ಹೊಲದ ಬದುವಿನ ಮೇಲೆ ಅಜ್ಜ ನೆಟ್ಟ ಹಲಸನ್ನೋ ಹಿತ್ತಿಲ ಹಳೆಯ ಮಾವನ್ನೋ ಒಂದು ಮನೆತನದವರು ಕಡಿಸುವುದು ತಲೆಮಾರಿಗೆ ಒಂದೆರಡು ಸಲ ಮಾತ್ರ. ಹೊಸ ಮನೆಗೆ ಬಾಗಿಲುವಾಡ, ಹೊಸ್ತಿಲು, ಅಟ್ಟದ ತೊಲೆ, ಕೊಟ್ಟಿಗೆಯ ಕಂಬ ಎಂದು ಲೆಕ್ಕ ಹಾಕಿ ಮರ ಕಡಿಸುತ್ತೇವೆ. ಕೂಲಿ, ಸಾಗಣೆ, ಗರಗಸದ ಖರ್ಚು ಎಲ್ಲವೂ ಕೈಯಿಂದ ಹೋಗುತ್ತದೆ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಬಾಗಿಲುವಾಡದ ಬುಡದಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಗೋಧಿಹಿಟ್ಟಿನಂಥ ಪುಡಿ ಉದುರಿರುತ್ತದೆ. ಗುಡಿಸಿದರೆ ನಾಳೆ ಮತ್ತೆ ಅಷ್ಟೇ ಪುಡಿ. ಆಗ ಸೀಮೆಎಣ್ಣೆ ಹಚ್ಚುವವರೂ, ಅಂಗಡಿಯಿಂದ ಕೀಟನಾಶಕ ತಂದು ಬಳಿಯುವವರೂ ಉಂಟು. ಅದರಿಂದ ಹೆಚ್ಚು ಪ್ರಯೋಜನ ಕಾಣುವುದಿಲ್ಲ. ಏಕೆಂದರೆ ಹುಳು ಸೇರಿಕೊಂಡದ್ದು ಈಗ ಅಲ್ಲ. ಮರ ಹಸಿಯಾಗಿ ಅಂಗಳದಲ್ಲಿ ಬಿದ್ದಿದ್ದಾಗಲೋ, ಅರೆ ಒಣಗಿ ಕೊಟ್ಟಿಗೆಯ ಮೂಲೆಯಲ್ಲಿ ಒರಗಿದ್ದಾಗಲೋ ಅದು ಒಳಹೊಕ್ಕಿರುತ್ತದೆ.

ಆದುದರಿಂದ ಈ ಪಾಠದಲ್ಲಿ ಹೇಳಬೇಕಾದ ಮುಖ್ಯ ಮಾತು ಒಂದೇ. ದಪ್ಪ ಮರವನ್ನು ಹುಳುವಿನಿಂದ ಕಾಯುವ ಕಾಲವೆಂದರೆ ಕಡಿದ ಮೊದಲ ಕೆಲವು ವಾರಗಳು. ಅದರಲ್ಲಿಯೂ ಮೊದಲ ವಾರ ಬಹಳ ಬೆಲೆಯುಳ್ಳದ್ದು. ತೆಳುವಾದ ಹಲಗೆ ಬೇಗ ಒಣಗುತ್ತದೆ, ಮೇಲೆ ಹಚ್ಚಿದ ಔಷಧವೂ ಅದರ ಒಳಕ್ಕೆ ಅಷ್ಟಿಷ್ಟು ಸೇರುತ್ತದೆ. ನಾಲ್ಕು ಅಂಗುಲ ದಪ್ಪದ ತೊಲೆಯ ಸ್ಥಿತಿ ಹಾಗಲ್ಲ. ಹೊರಮೈ ಒಣಗಿ ಬಿರುಕು ಬಿಟ್ಟರೂ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಹಸಿ ಉಳಿದಿರುತ್ತದೆ. ಒಣಮರಕ್ಕೆ ಬ್ರಷ್ಷಿನಿಂದ ಬಳಿದ ಔಷಧ ಕೆಲವೇ ಮಿಲಿಮೀಟರಿನಷ್ಟು ಇಳಿದು ನಿಂತುಬಿಡುತ್ತದೆ. ಹುಳುವಿರುವುದು ಅದಕ್ಕಿಂತ ಬಹಳ ಒಳಗೆ.

ಕೊರೆಯುವ ಹುಳು ಒಂದೇ ಬಗೆಯದಲ್ಲ

ನಮ್ಮಲ್ಲಿ ಮರ ತೂತಾದರೆ ಎಲ್ಲದಕ್ಕೂ ‘ಕುಟ್ಟೆ ಹಿಡಿಯಿತು’ ಎನ್ನುವುದು ರೂಢಿ. ಆದರೆ ಹಸಿ ಮರಕ್ಕೆ ಬೀಳುವ ಹುಳುಗಳಲ್ಲಿ ಮೂರು ಬಗೆಗಳಿವೆ. ಒಂದೊಂದರ ನಡತೆ ಬೇರೆ, ಆದುದರಿಂದ ಮಾಡತಕ್ಕ ಉಪಾಯವೂ ಬೇರೆ. ಗೆದ್ದಲಿನ ಮಾತು ಇಲ್ಲಿಲ್ಲ, ಅದು ಮಣ್ಣಿನಿಂದ ಬರುವ ಶತ್ರು.

ಮೊದಲನೆಯದು ಸೂಜಿತೂತಿನ ಹುಳು. ಎಳ್ಳುಕಾಳಿನಷ್ಟು ಗಾತ್ರದ, ಕಂದುಬಣ್ಣದ ಸಣ್ಣ ದುಂಬಿ. ಮರ ಉರುಳಿದ ಕೆಲವೇ ದಿನಗಳಲ್ಲಿ ಇದು ಹುಡುಕಿಕೊಂಡು ಬರುತ್ತದೆ. ಕಡಿದ ಮರದ ರಸ ಹುದುಗತೊಡಗಿದಾಗ ಅದರಲ್ಲಿ ಸ್ವಲ್ಪ ಮದ್ಯಸಾರ ಹುಟ್ಟುತ್ತದೆ. ಹೆಂಡದ ಗಡಿಗೆಗೆ ನೊಣ ಮುತ್ತುವಂತೆ ಆ ವಾಸನೆಗೆ ಈ ದುಂಬಿ ಮುತ್ತುತ್ತದೆ. ತೊಗಟೆಯ ಮೇಲೆ ಅಲ್ಲಲ್ಲಿ ಬಿಳಿಯ ಸಣ್ಣ ಪುಡಿಯ ಗುಪ್ಪೆಯೋ, ದಾರದಂತೆ ಹೊರಚಾಚಿದ ಪುಡಿಯ ಕಡ್ಡಿಯೋ ಕಂಡರೆ ಅದು ಬಂದಾಯಿತೆಂದು ತಿಳಿಯಬೇಕು. ಇದರ ವಿಚಿತ್ರವೇನೆಂದರೆ ಇದು ಮರವನ್ನು ತಿನ್ನುವುದೇ ಇಲ್ಲ. ನಮ್ಮಂತೆಯೇ ಬೇಸಾಯ ಮಾಡುತ್ತದೆ! ತನ್ನ ಮೈಯಲ್ಲಿ ಒಂದು ಬಗೆಯ ಬೂಷ್ಟಿನ ಬೀಜವನ್ನು ಹೊತ್ತು ತಂದು ಸುರಂಗದ ಗೋಡೆಗೆ ಬಿತ್ತಿ, ಬೆಳೆದ ಬೂಷ್ಟನ್ನು ತಾನೂ ತಿಂದು ಮರಿಗಳಿಗೂ ತಿನ್ನಿಸುತ್ತದೆ. ಆ ಬೂಷ್ಟಿನಿಂದಲೇ ತೂತಿನ ಗೋಡೆ ಕಪ್ಪಾಗುವುದು. ಮರ ಒಣಗಿತೆಂದರೆ ಬೂಷ್ಟು ಸಾಯುತ್ತದೆ, ಹುಳುವಿಗೆ ಅನ್ನವಿಲ್ಲ, ಅಲ್ಲಿಗೆ ಮುಗಿಯಿತು. ಒಣಗಿದ ಮರಕ್ಕೆ ಇದು ತಿರುಗಿ ಬರುವುದಿಲ್ಲ.

ಎರಡನೆಯದು ನಿಜವಾದ ಕುಟ್ಟೆ ಹುಳು. ಇದಕ್ಕೆ ಬೇಕಾದದ್ದು ಮರದಲ್ಲಿರುವ ಪಿಷ್ಟ, ಅಂದರೆ ಗಂಜಿಯ ಅಂಶ. ತೊಗಟೆಯ ಕೆಳಗಿರುವ ಬಿಳಿಮರದಲ್ಲಿಯೇ ಪಿಷ್ಟ ಇರುವುದು, ನಡುವಿನ ಬಣ್ಣದ ಕೆಚ್ಚಿನಲ್ಲಿ ಅಲ್ಲ. ಆದುದರಿಂದ ಇದು ಬಿಳಿಮರವನ್ನು ಮಾತ್ರ ಹಿಟ್ಟು ಮಾಡುತ್ತದೆ. ಇದರಲ್ಲೇ ಕೆಲವು ಜಾತಿಗಳು ಹಸಿ ಅಥವಾ ಅರೆ ಒಣಗಿದ ಮರವನ್ನು ದುಂಬಿಯಾಗಿರುವಾಗಲೇ ಕೊರೆದು ಹೊಕ್ಕು ಒಳಗೆ ಮೊಟ್ಟೆಯಿಡುತ್ತವೆ. ಇನ್ನು ಕೆಲವು ಜಾತಿಗಳು ಒಣಗುತ್ತಿರುವ ಮರದ ಬರಿಯ ಮೈಯಲ್ಲಿರುವ ರಂಧ್ರಗಳೊಳಗೆ ಮೊಟ್ಟೆ ಸೇರಿಸುತ್ತವೆ. ಮರಿಗಳು ಒಳಗೊಳಗೇ ತಿಂದು ಬೆಳೆದು, ದುಂಬಿಯಾಗಿ ಹೊರಬರುವಾಗ ತೂತು ಕೊರೆಯುತ್ತವೆ. ನಾವು ನೋಡುವ ತೂತು ಹುಳು ಒಳಹೋದ ಬಾಗಿಲಲ್ಲ, ಬಹುಮಟ್ಟಿಗೆ ಹೊರಬಂದ ಬಾಗಿಲು. ಅದೇ ಮರದಲ್ಲಿ ಮತ್ತೆ ಮೊಟ್ಟೆಯಿಟ್ಟು ವರ್ಷದಿಂದ ವರ್ಷಕ್ಕೆ ವಂಶ ಬೆಳೆಸುವುದರಿಂದ ಇದೇ ಅತಿ ಅಪಾಯದ್ದು. ಮಾವು, ರಬ್ಬರ್ ಮರ, ಬೂರುಗ, ಬಿದಿರು ಇವೆಲ್ಲ ಇದಕ್ಕೆ ಮೃಷ್ಟಾನ್ನ.

ಮೂರನೆಯದು ಉದ್ದ ಮೀಸೆಯ ದುಂಬಿ. ಮಲೆನಾಡಿನ ಕಾಫಿ ಬೆಳೆಗಾರರು ಇದರ ಕುಲವನ್ನು ಚೆನ್ನಾಗಿ ಬಲ್ಲರು, ಅರೇಬಿಕಾ ಗಿಡವನ್ನು ಕೊಲ್ಲುವ ಬಿಳಿ ಕಾಂಡಕೊರಕ ಇದರ ದಾಯಾದಿ. ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುವುದರಿಂದಲೇ ಕಾಫಿ ಗಿಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವ ಪದ್ಧತಿ ಇದೆ. ಕಡಿದ ದಿಮ್ಮಿಯಲ್ಲಿಯೂ ಇದೇ ಕಥೆ. ಮರಿಹುಳು ಮೊದಲು ತೊಗಟೆಯ ಅಡಿಯಲ್ಲಿ ಹರಿದಾಡಿ ತಿಂದು, ಬಲಿತ ಮೇಲೆ ಮರದೊಳಕ್ಕೆ ಇಳಿಯುತ್ತದೆ. ಮಾವು, ಹಲಸು, ಆಲದ ಜಾತಿಯ ಮರಗಳಿಗೆ ಬೀಳುವ ದೊಡ್ಡ ಕೊರಕದ ಮರಿ ಬೆರಳುದ್ದ ಬೆಳೆಯುತ್ತದೆ, ಅದು ಮಾಡುವ ಸುರಂಗದಲ್ಲಿ ಕಿರುಬೆರಳು ತೂರಬಹುದು. ಇಂಥ ಎರಡು ಹುಳು ಸಾಕು, ತೊಲೆಯ ಬಲ ಹೋಗಲು.

ಕಡಿದ ಮರದ ರಸದ ವಾಸನೆ ಈ ದುಂಬಿಗಳನ್ನು ಹೇಗೆ ಸೆಳೆಯುತ್ತದೆ ಎಂಬುದಕ್ಕೆ ಮಧ್ಯಪ್ರದೇಶದ ಸಾಲ ಮರದ ಕಾಡುಗಳೇ ಸಾಕ್ಷಿ. 1990ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿ ಸಾಲಕೊರಕ ಹುಳು ವಿಪರೀತ ಹೆಚ್ಚಿ ಲಕ್ಷಗಟ್ಟಲೆ ಮರಗಳಿಗೆ ಕೇಡಾಯಿತು. ಅದನ್ನು ಹಿಡಿಯಲು ಅರಣ್ಯದವರು ಅನುಸರಿಸುವ ಹಳೆಯ ಉಪಾಯವೆಂದರೆ, ಮುಂಗಾರಿನ ಮೊದಲಲ್ಲಿ ದುಂಬಿ ಹೊರಬರುವ ಹೊತ್ತಿಗೆ ಕೆಲವು ಮರಗಳನ್ನು ಉರುಳಿಸಿ, ತುಂಡುಗಳ ತೊಗಟೆಯನ್ನು ಜಜ್ಜಿ ರಸ ಒಸರುವಂತೆ ಬಿಡುವುದು. ದುಂಬಿಗಳು ರಸ ಕುಡಿಯಲು ಮುತ್ತುತ್ತವೆ, ಜನರು ಆರಿಸಿ ಕೊಲ್ಲುತ್ತಾರೆ. ಬೇಕೆಂದು ಅವರು ಒಡ್ಡುವ ಬಲೆಯನ್ನೇ ನಾವು ತಿಳಿಯದೆ, ತೊಗಟೆಯ ಸಮೇತ ದಿಮ್ಮಿಯನ್ನು ಮಳೆಗಾಲದಲ್ಲಿ ಅಂಗಳದಲ್ಲಿ ಕೆಡವಿ ಒಡ್ಡುತ್ತೇವೆ.

ಕಡಿಯುವ ಕಾಲ ಮತ್ತು ಮೊದಲ ವಾರ

ಮನೆಗೆಲಸಕ್ಕೆ ಬೇಕಾದ ಮರವನ್ನು ಕಾರ್ತಿಕದಿಂದ ಮಾಘದ ಒಳಗೆ ಕಡಿಸುವುದು ಉತ್ತಮ. ಮಳೆ ನಿಂತಿರುತ್ತದೆ, ಹುಳುವಿನ ಹಾರಾಟ ಕಡಿಮೆ, ಬಿಸಿಲೂ ತೀರ ಉಗ್ರವಲ್ಲ, ಮುಂದಿನ ಮಳೆಗೆ ಮುಂಚೆ ಒಣಗಲು ನಾಲ್ಕಾರು ತಿಂಗಳು ಸಿಗುತ್ತದೆ. ಅಮಾವಾಸ್ಯೆಯ ಹತ್ತಿರ ಕಡಿದ ಮರಕ್ಕೆ ಹುಳು ಬೀಳದೆಂಬ ನಂಬಿಕೆ ಅನೇಕರಲ್ಲಿ ಇದೆ. ಅದನ್ನು ನೋಡುವವರು ನೋಡಲಿ, ಅಡ್ಡಿಯಿಲ್ಲ. ಆದರೆ ಈ ಅಮಾವಾಸ್ಯೆಗೆ ಕಡಿದ ಮರ ತೊಗಟೆಯ ಸಮೇತ ಬರುವ ಅಮಾವಾಸ್ಯೆಯವರೆಗೂ ಬಿದ್ದಿದ್ದರೆ ಯಾವ ತಿಥಿಯೂ ಕಾಪಾಡಲಾರದು. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನೇಕ ಜಾತಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ, ಕೂಲಿಯಾಳು, ಗಾಡಿ, ಗರಗಸದ ಮಿಲ್ಲಿನ ಸರದಿ, ಈ ನಾಲ್ಕನ್ನೂ ಗೊತ್ತುಮಾಡಿಕೊಂಡ ಮೇಲೆಯೇ ಕೊಡಲಿ ಹಾಕಬೇಕು. ಮರ ಉರುಳಿಸಿ ಆಮೇಲೆ ಸರದಿಗೆ ಕಾಯುವುದು ಹುಳುವಿಗೆ ಆಮಂತ್ರಣ ಕೊಟ್ಟಂತೆ.

ಮರ ಬಿದ್ದ ದಿನವೋ ಮರುದಿನವೋ ತೊಗಟೆಯನ್ನು ಪೂರ್ತಿ ಸುಲಿಯಿರಿ. ಹಸಿಯಾಗಿದ್ದಾಗ ಅದು ಸುಲಭವಾಗಿ ಏಳುತ್ತದೆ. ತೊಗಟೆ ಹೋದರೆ ಉದ್ದ ಮೀಸೆಯ ದುಂಬಿಗೆ ಮೊಟ್ಟೆಯಿಡುವ ಜಾಗ ಹೋಯಿತು, ಆಗಲೇ ಇಟ್ಟ ಮೊಟ್ಟೆ ಮತ್ತು ಎಳೆಮರಿಗಳೂ ಅದರೊಡನೆ ಹೋದವು. ಮೈ ಬೇಗ ಆರುವುದರಿಂದ ಸೂಜಿತೂತಿನ ಹುಳುವಿನ ಕಾಟವೂ ಇಳಿಯುತ್ತದೆ. ಸುಲಿದ ತೊಗಟೆಯನ್ನು ಅಲ್ಲೇ ರಾಶಿ ಹಾಕದೆ ಒಲೆಗೆ ಹಾಕಿಬಿಡಿ. ದಿಮ್ಮಿಯ ಎರಡು ತುದಿಗಳಿಗೂ ಬಣ್ಣ, ಡಾಂಬರು ಅಥವಾ ಕರಗಿಸಿದ ಮೇಣವನ್ನು ದಪ್ಪವಾಗಿ ಬಳಿಯಿರಿ, ಏನೂ ಇಲ್ಲದಿದ್ದರೆ ಸಗಣಿ ಮಣ್ಣಾದರೂ ಆದೀತು. ತುದಿಯಿಂದ ನೀರು ಬಹಳ ಬೇಗ ಆರಿಹೋಗುವುದರಿಂದ ಅಲ್ಲಿಯೇ ಮೊದಲು ಬಿರುಕು ಬಿಡುವುದು. ಬಿರುಕಿನಲ್ಲಿ ಮೊಟ್ಟೆಯಿಡುವ, ಒಣಮರಕ್ಕೂ ಬೀಳುವ ಮೀಸೆದುಂಬಿಯ ಒಂದು ಜಾತಿ ನಮ್ಮ ದೇಶದಲ್ಲಿದೆ. ಅದರ ಮರಿ ಒಳಗೆ ವರ್ಷಗಟ್ಟಲೆ ಇದ್ದು, ಮನೆ ಕಟ್ಟಿದ ಮೇಲೆ ಹೊರಬರುವುದುಂಟು.

ಇಲ್ಲಿಯೇ ದಪ್ಪ ಮರದ ಇಕ್ಕಟ್ಟು ಇರುವುದು. ನಿಧಾನವಾಗಿ ಒಣಗಿಸಿದರೆ ಸೂಜಿತೂತಿನ ಹುಳು, ಅವಸರದಿಂದ ಬಿಸಿಲಿಗೆ ಹಾಕಿದರೆ ಬಿರುಕು ಮತ್ತು ಬಿರುಕಿನ ಹುಳು. ಇದಕ್ಕೆ ಪರಿಹಾರವೆಂದರೆ ದಿಮ್ಮಿಯನ್ನು ದಿಮ್ಮಿಯಾಗಿ ಇಟ್ಟುಕೊಳ್ಳದಿರುವುದು. ಒಂದು ವಾರದೊಳಗೆ ಬೇಕಾದ ಅಳತೆಗೆ ಕೊಯ್ಯಿಸಿಬಿಡಬೇಕು, ಒಣಗುವಾಗ ಕುಗ್ಗುವುದರಿಂದ ಕಾಲು ಅಂಗುಲ ಹೆಚ್ಚಾಗಿಯೇ ಇಡಬೇಕು. ಕೊಯ್ಯಿಸುವಾಗ ಬಡಗಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಬಿಳಿಮರ ಎಲ್ಲಿ ಮುಗಿಯುತ್ತದೆ, ಕೆಚ್ಚು ಎಲ್ಲಿ ಆರಂಭವಾಗುತ್ತದೆ ಎಂದು ಗುರುತು ಹಾಕಿಸಿರಿ. ಹಲಸಿನ ಹಳದಿ ಕೆಚ್ಚು, ಸಾಗುವಾನಿಯ ಕೆಚ್ಚು, ಬೇವಿನ ಕೆಚ್ಚು ಇವು ತಾವಾಗಿಯೇ ಬಾಳುವಂಥವು. ಆದರೆ ಅದೇ ಮರಗಳ ಬಿಳಿಯಂಚನ್ನು ಹುಳು ಬಿಡದು. ಸಾಗುವಾನಿ ಎಂದು ನಂಬಿ ಬಿಳಿಯಂಚಿನ ತೊಲೆ ಕೊಂಡು ಮೋಸಹೋದವರು ಎಷ್ಟೋ ಮಂದಿ. ಬಾಗಿಲುವಾಡಕ್ಕೂ ಹೊಸ್ತಿಲಿಗೂ ಪೂರ್ತಿ ಕೆಚ್ಚನ್ನೇ ತೆಗೆಯಿರಿ. ಮಾವಿನಲ್ಲಿ ಈ ಭೇದ ಸರಿಯಾಗಿ ಕಾಣುವುದಿಲ್ಲ, ಇಡೀ ಮರವೇ ಹುಳುವಿಗೆ ಸಲ್ಲುತ್ತದೆ. ಆದ್ದರಿಂದ ಮಾವಿನಿಂದ ನಾಲ್ಕು ಅಂಗುಲದ ತೊಲೆ ಕೇಳುವುದೇ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಎರಡು ಅಂಗುಲಕ್ಕೆ ಮೀರದಂತೆ ಹಲಗೆ ಕೊಯ್ಯಿಸಿ, ಔಷಧ ಕುಡಿಸಿ ಬಳಸುವುದು ಮೇಲು.

ವಾರದೊಳಗೆ ಕೊಯ್ಯಿಸಲು ಸಾಧ್ಯವೇ ಆಗದಿದ್ದರೆ ದಿಮ್ಮಿಯನ್ನು ಕೆರೆಯ ನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ನಮ್ಮ ಹಿರಿಯರ ಈ ಪದ್ಧತಿ ಒಳ್ಳೆಯದೇ. ನೀರೊಳಗೆ ದುಂಬಿ ಬರಲಾರದು, ಪಿಷ್ಟ ಮತ್ತು ಸಕ್ಕರೆಯ ಅಂಶವೂ ಕ್ರಮೇಣ ಕಡಿಮೆಯಾಗುತ್ತದೆ. ಬಿದಿರಿಗೂ ಇದು ಚೆನ್ನು. ಆದರೆ ತೇಲಿ ಮೇಲೆ ಕಾಣುವ ಭಾಗಕ್ಕೆ ಹುಳು ತಪ್ಪದು, ಕಲ್ಲು ಹೇರಿ ಮುಳುಗಿಸಬೇಕು. ಕರಾವಳಿಯ ಬಾಂಧವರು ಮಾತ್ರ ಅಳಿವೆಯ ಉಪ್ಪುನೀರಿಗೆ ಹಾಕಬಾರದು. ಅಲ್ಲಿ ದೋಣಿಯನ್ನೇ ತಿನ್ನುವ ಹಡಗುಹುಳುವಿದೆ.

ಬಿಳಿಗಾರದ ಔಷಧ

ಕುಟ್ಟೆ ಹುಳುವಿಗೆ ಹಳ್ಳಿಯಲ್ಲಿಯೇ ಮಾಡಿಕೊಳ್ಳಬಹುದಾದ ಉತ್ತಮ ಔಷಧವೆಂದರೆ ಬಿಳಿಗಾರ ಮತ್ತು ಬೋರಿಕ್ ಆಮ್ಲ. ಇದರ ಗುಣವೇನೆಂದರೆ, ಬೇರೆ ಔಷಧಗಳಿಗೆ ಮರ ಒಣಗಿರಬೇಕು, ಇದಕ್ಕೆ ಮರ ಹಸಿಯಾಗಿದ್ದಷ್ಟೂ ಒಳ್ಳೆಯದು. ಸಾರಿನ ತಟ್ಟೆಯಲ್ಲಿ ಒಂದು ಕಡೆ ಹಾಕಿದ ಉಪ್ಪು ತಾನಾಗಿ ಎಲ್ಲ ಕಡೆಗೂ ಹರಡುವಂತೆ, ಮರದೊಳಗಿನ ನೀರನ್ನೇ ದಾರಿ ಮಾಡಿಕೊಂಡು ಈ ಔಷಧ ಒಳಕ್ಕೆ ಇಳಿಯುತ್ತದೆ. ನೀರು ಆರಿತೆಂದರೆ ದಾರಿ ಮುಚ್ಚಿತು. ಹಸಿ ಎಂಬುದು ಇಲ್ಲಿ ದೋಷವಲ್ಲ, ನಮಗೆ ಸಿಕ್ಕಿದ ಅವಕಾಶ.

ಹತ್ತು ಲೀಟರು ಬಿಸಿನೀರಿಗೆ 600 ಗ್ರಾಂ ಬಿಳಿಗಾರ ಮತ್ತು 400 ಗ್ರಾಂ ಬೋರಿಕ್ ಆಮ್ಲ ಹಾಕಿ ಚೆನ್ನಾಗಿ ಕರಗಿಸಬೇಕು. ಇದು ಒಂದು ಅಂಗುಲದ ಹಲಗೆಗೆ ಸಾಕು. ಎರಡು ಅಂಗುಲ ಮತ್ತು ಮೇಲ್ಪಟ್ಟ ದಪ್ಪಕ್ಕೆ 900 ಗ್ರಾಂ ಮತ್ತು 600 ಗ್ರಾಂನಂತೆ ಗಟ್ಟಿಯಾಗಿ ಮಾಡಿ, ಬೆಚ್ಚಗಿರುವಾಗಲೇ ಬಳಸಬೇಕು, ಆರಿದರೆ ತಳದಲ್ಲಿ ಹರಳು ಕಟ್ಟುತ್ತದೆ. ತೊಲೆ ಮುಳುಗಿಸಲು ತೊಟ್ಟಿ ಇಲ್ಲವೆಂದು ಕೂರಬೇಕಾಗಿಲ್ಲ. ತೊಲೆಯುದ್ದದ ಕಾಲುವೆ ತೋಡಿ, ತೂತಿಲ್ಲದ ಟಾರ್ಪಾಲು ಹಾಸಿದರೆ ಅದೇ ತೊಟ್ಟಿ. ಹಲಗೆಯನ್ನು ಹತ್ತು ನಿಮಿಷ ಅದ್ದಿದರೆ ಸಾಕು. ದಪ್ಪ ತೊಲೆಯನ್ನು ಒಂದೆರಡು ದಿನ ಮುಳುಗಿಸಿಡಬೇಕು. ಆಮೇಲೆ ನಡುವೆ ಸಂದು ಬಿಡದೆ ಒತ್ತಾಗಿ ಜೋಡಿಸಿ, ಪ್ಲಾಸ್ಟಿಕ್ ಹಾಳೆಯಿಂದ ಸುತ್ತಲೂ ಮುಚ್ಚಿ, ಅಂಚಿಗೆ ಮಣ್ಣೇರಿಸಿ, ನೆರಳಿನಲ್ಲಿ ಬಿಡಬೇಕು. ಒಂದು ಅಂಗುಲದ ಹಲಗೆಗೆ ಮೂರು ನಾಲ್ಕು ವಾರ ಬೇಕು. ಎರಡು ಅಂಗುಲಕ್ಕೆ ಅದರ ದುಪ್ಪಟ್ಟಿಗೂ ಮೀರಿದ ಕಾಲ ಹಿಡಿಯುತ್ತದೆ, ಏಕೆಂದರೆ ದಪ್ಪ ಹೆಚ್ಚಿದಂತೆ ಔಷಧದ ನಡಿಗೆ ಬಹಳ ನಿಧಾನವಾಗುತ್ತದೆ. ಮೈಮೇಲೆ ಬೂಷ್ಟು ಬಂದರೆ ಹೆದರಬೇಕಾಗಿಲ್ಲ, ಒರೆಸಿದರೆ ಹೋಗುತ್ತದೆ.

ಹಾಗಾದರೆ ನಾಲ್ಕಂಗುಲದ ಹಲಸಿನ ತೊಲೆಯ ನಡುವಿಗೆ ಔಷಧ ಮುಟ್ಟುವುದು ಯಾವಾಗ ಎಂದು ಕೇಳುತ್ತೀರಿ. ಅಲ್ಲಿಗೆ ಮುಟ್ಟಬೇಕಾಗಿಯೇ ಇಲ್ಲ. ನಡುವಿರುವುದು ಕೆಚ್ಚು, ಅದನ್ನು ಕುಟ್ಟೆ ಹುಳು ಮೂಸಿಯೂ ನೋಡದು. ಅಂಚಿನಲ್ಲಿ ಉಳಿದಿರುವ ಬಿಳಿಮರಕ್ಕೆ ಇಳಿದರೆ ಕೆಲಸವಾಯಿತು.

ಈ ಔಷಧದ ಮಿತಿಯನ್ನೂ ತಿಳಿದಿರಬೇಕು. ಇದು ಹುಳುವನ್ನು ಓಡಿಸುವುದಿಲ್ಲ, ಮರ ತಿಂದ ಮರಿಯ ಹೊಟ್ಟೆ ಸೇರಿ ಕೊಲ್ಲುತ್ತದೆ. ಮರವನ್ನು ತಿನ್ನದ ಸೂಜಿತೂತಿನ ಹುಳುವಿಗೆ ಇದನ್ನು ನಂಬುವಂತಿಲ್ಲ. ಅದಕ್ಕೆ ತೊಗಟೆ ಸುಲಿಯುವುದು, ಬೇಗ ಕೊಯ್ಯಿಸುವುದು, ಇವೇ ಔಷಧ. ಮಳೆಗೆ ನೆನೆಯುವ ಕಂಬ ಬೇಲಿಗಳಿಗೂ ಇದು ಸಲ್ಲದು, ನೀರಿನಲ್ಲಿ ತೊಳೆದುಹೋಗುತ್ತದೆ. ಸೂರಿನ ಕೆಳಗಿನ ಮರಕ್ಕೆ ಮಾತ್ರ ಇದು. ಬಯಲಿನ ಕಂಬಗಳಿಗೆ ಯಂತ್ರದ ಒತ್ತಡದಿಂದ ತಾಮ್ರದ ಔಷಧ ತುಂಬುವ ಕ್ರಮವಿದೆ. 1930ರ ದಶಕದಲ್ಲಿ ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂತಿ ಕಾಮೇಶಂ ಎಂಬವರು ಕಂಡುಹಿಡಿದ ತಾಮ್ರ, ಕ್ರೋಮಿಯಂ, ಪಾಷಾಣಗಳ ಮಿಶ್ರಣ ಲೋಕವೆಲ್ಲ ಹರಡಿತು. ಪಾಷಾಣವಿರುವುದರಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಸೇರಿಸುವುದನ್ನು ನಿಲ್ಲಿಸಿದರು. ಅದು ಕಾರ್ಖಾನೆಯ ಕೆಲಸ, ಮನೆಯಂಗಳದ್ದಲ್ಲ. ಹಾಗೆ ಔಷಧ ತುಂಬಿದ ಮರದ ತುಂಡನ್ನು ಒಲೆಗೂ ಹಾಕಬಾರದು.

ಹಿರಿಯರಲ್ಲಿ ಕೆಲವರಿಗೆ ಬಿ.ಎಚ್.ಸಿ. ಪುಡಿಯ ನೆನಪಿರಬಹುದು. ಅದು 1997ರಲ್ಲಿಯೇ ನಮ್ಮ ದೇಶದಲ್ಲಿ ನಿಷೇಧವಾಗಿದೆ, ಹಳೆಯ ಡಬ್ಬಿ ಅಟ್ಟದಲ್ಲಿದ್ದರೂ ಮುಟ್ಟಬೇಡಿ. ಧಾನ್ಯಕ್ಕೆ ಇಡುವ ವಿಷದ ಗುಳಿಗೆಯನ್ನು ಮನೆಯೊಳಗಿನ ಮರದ ಸಂದಿಗೆ ಇಡುವುದಂತೂ ಪ್ರಾಣಕ್ಕೆ ಎರವು, ಅದರ ಅನಿಲ ಹುಳುವನ್ನೂ ಮನುಷ್ಯನನ್ನೂ ಬೇರೆ ಮಾಡಿ ನೋಡುವುದಿಲ್ಲ. ಸುಟ್ಟ ಎಂಜಿನ್ ಎಣ್ಣೆ ವಾಸದ ಮನೆಗೆ ತಕ್ಕದ್ದಲ್ಲ. ಕರಾವಳಿಯಲ್ಲಿ ಬಳಿಯುವ ಗೇರುಸಿಪ್ಪೆಯ ಎಣ್ಣೆ ಮೇಲ್ಮೈಗೆ ಒಳ್ಳೆಯ ಹೊದಿಕೆ, ಆದರೆ ಕೈಗೆ ತಗಲಿದರೆ ಬೊಬ್ಬೆ ಏಳುತ್ತದೆ.

ಒಣಗಿಸುವುದು ಮತ್ತು ಆಮೇಲಿನ ನಿಗಾ

ಔಷಧ ಇಳಿದ ಮೇಲೆ ಮರವನ್ನು ಗಾಳಿಯಾಡುವ ಸೂರಿನ ಕೆಳಗೆ, ನೆಲದಿಂದ ಒಂದು ಅಡಿ ಎತ್ತರದಲ್ಲಿ, ಸಾಲು ಸಾಲಿಗೆ ಒಂದಂಗುಲದ ಒಣಪಟ್ಟಿ ಕೊಟ್ಟು ಪೇರಿಸಬೇಕು. ಪಟ್ಟಿಗಳು ಒಂದರ ಮೇಲೊಂದು ನೇರವಾಗಿ ಬರಬೇಕು, ಇಲ್ಲದಿದ್ದರೆ ಹಲಗೆ ಸೊಟ್ಟಗಾಗುತ್ತದೆ. ಆ ಪಟ್ಟಿಗಳೇ ಕುಟ್ಟೆ ಹಿಡಿದ ಹಳೆಯ ರೀಪುಗಳಾಗಿರದಂತೆ ನೋಡಿಕೊಳ್ಳಿ. ಹಳೆಯ ಹುಳುಕು ಮರದ ರಾಶಿಯ ಪಕ್ಕದಲ್ಲಿ ಹೊಸ ಮರ ಒಟ್ಟುವ ಅಭ್ಯಾಸ ನಮ್ಮ ಅನೇಕ ಕೊಟ್ಟಿಗೆಗಳಲ್ಲಿದೆ.

ಕೊಯ್ದ ಮರದಲ್ಲಿ ತೂತು ಕಂಡಾಗ ಗಾಬರಿಯಾಗಿ ಎಸೆಯಬೇಡಿ, ವ್ಯಾಪಾರಿ ಅರ್ಧ ಬೆಲೆ ಹೇಳಿದರೂ ಒಪ್ಪಬೇಡಿ. ಮೊದಲು ಹುಳು ಬದುಕಿದೆಯೋ ಎಂದು ನೋಡಿ. ಗೋಡೆ ಕಪ್ಪಾದ, ಪುಡಿಯಿಲ್ಲದ ಸೂಜಿತೂತುಗಳಾಗಿದ್ದು ಮರ ಒಣಗಿದ್ದರೆ ಅದರ ಹುಳು ಸತ್ತಿದೆ, ಮರದ ಬಲಕ್ಕೆ ಅಷ್ಟೇನೂ ಕೊರತೆಯಿಲ್ಲ, ಲಪ್ಪ ತುಂಬಿ ಬಳಸಬಹುದು. ತೂತಿನಲ್ಲಿ ಬಿಳಿಹಿಟ್ಟು ಇದ್ದರೆ ಮರವನ್ನು ತಟ್ಟಿ ಪುಡಿ ಉದುರಿಸಿ, ಕಂಡ ತೂತಿಗೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಅಡಿಯಲ್ಲಿ ಕಪ್ಪು ಕಾಗದ ಹಾಸಿ ಎರಡು ಮೂರು ವಾರ ಬಿಡಿ. ಹೊಸ ಪುಡಿ ಬಿದ್ದಿದ್ದರೆ, ಗುರುತಿಲ್ಲದ ತೂತು ಹುಟ್ಟಿದ್ದರೆ ಒಳಗೆ ಜೀವವಿದೆ. ಅಂಥ ಬಿಳಿಯಂಚನ್ನು ಕೆತ್ತಿಸಿ ಸುಟ್ಟು, ಉಳಿದದ್ದನ್ನು ಬಳಸಬೇಕು. ದಪ್ಪ ತೊಲೆಯೇ ಹಿಡಿದಿದ್ದರೆ ಮರ ಒಣಗಿಸುವ ಬಿಸಿಗೂಡಿಗೆ ಕಳಿಸುವುದೇ ಖಂಡಿತವಾದ ದಾರಿ. ಮರದ ಗರ್ಭದಲ್ಲಿ 56 ಡಿಗ್ರಿ ಸೆಲ್ಸಿಯಸ್ ಶಾಖ ಅರ್ಧ ಗಂಟೆ ನಿಂತರೆ ಹುಳು, ಮೊಟ್ಟೆ ಎರಡೂ ಸಾಯುತ್ತವೆ. ವಿದೇಶಕ್ಕೆ ಸರಕು ಕಳಿಸುವ ಮರದ ಪೆಟ್ಟಿಗೆಗಳಿಗೆ ಇದೇ ನಿಯಮ. ಗಮನಿಸಿ, ಗರ್ಭದಲ್ಲಿ ಎಂದಿದೆ. ದಪ್ಪ ತೊಲೆಯ ನಡುವಿಗೆ ಆ ಶಾಖ ಮುಟ್ಟಲು ಗಂಟೆಗಟ್ಟಲೆ ಬೇಕಾಗುವುದರಿಂದ, ಚೈತ್ರದ ಬಿಸಿಲಿಗೆ ಇಟ್ಟು ಹುಳು ಸತ್ತಿತೆಂದು ಭಾವಿಸುವುದು ಸಲ್ಲದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಮರದ ಸಂರಕ್ಷಣೆಯನ್ನೇ ಅಭ್ಯಾಸ ಮಾಡುವವರು, ಹುಳುವಿನ ಗುರುತು ಸಿಗದಿದ್ದರೆ ಮರದ ತುಂಡಿನೊಡನೆ ಅವರನ್ನು ವಿಚಾರಿಸಬಹುದು.

ಚೆನ್ನಾಗಿ ಒಣಗಿದ, ಹುಳುವಿಲ್ಲದ ಮರಕ್ಕೆ ಬಣ್ಣವನ್ನೋ ವಾರ್ನಿಷನ್ನೋ ಎಲ್ಲ ಮುಖಗಳಿಗೂ, ಗೋಡೆಯ ಕಡೆಗೆ ಹೋಗುವ ಬೆನ್ನಿಗೂ ಹಚ್ಚಿಸಿರಿ. ರಂಧ್ರ ಮುಚ್ಚಿದ ಮೈಯಲ್ಲಿ ಕುಟ್ಟೆ ಹುಳು ಮೊಟ್ಟೆ ಸೇರಿಸಲಾರದು. ಮುಂದಿನ ಮುಖಕ್ಕೆ ಮೂರು ಸಲ ಬಣ್ಣ ಬಳಿದು ಬೆನ್ನನ್ನು ಬರಿದೇ ಬಿಡುವುದು ಬಡಗಿಗಳ ಸಾಮಾನ್ಯ ರೂಢಿ, ನಿಂತು ಮಾಡಿಸಬೇಕು.

ಉಳಿದ ಬಿಳಿಗಾರದ ನೀರನ್ನು ಅಡಿಕೆ ತೋಟಕ್ಕೋ ಬಾವಿಯ ಹತ್ತಿರಕ್ಕೋ ಚೆಲ್ಲಬೇಡಿ, ಬೋರಾನು ಅತಿಯಾದರೆ ಗಿಡದ ಎಲೆ ಸುಟ್ಟಂತಾಗುತ್ತದೆ. ದನಕರುಗಳು ಕುಡಿಯದಂತೆ ಕಾಲುವೆಯನ್ನು ಮುಚ್ಚಿಡಿ. ಅದೇ ನೀರಿಗೆ ಕೊರತೆ ಬಿದ್ದಷ್ಟು ಔಷಧ ಸೇರಿಸಿ ಇನ್ನೊಂದು ಸಲಕ್ಕೂ ಬಳಸಬಹುದಾದುದರಿಂದ, ಊರಿನಲ್ಲಿ ನಾಲ್ಕು ಮನೆಯವರು ಒಂದೇ ವಾರ ಮರ ಕೊಯ್ಯಿಸಿ, ಒಂದೇ ಕಾಲುವೆಯಲ್ಲಿ ಸರದಿಯಂತೆ ಅದ್ದಿಕೊಂಡರೆ ಖರ್ಚು ಹಂಚಿಹೋಗುತ್ತದೆ.